100 ಬಿಪಿಎಂ ದಾಟದ ಕೈ

ಎಲೆಕ್ಟ್ರಿಕ್ ಗಿಟಾರ್ ಶುರುವಿನಲ್ಲಿ ತುಂಬ ಉದಾರಿ. ತಂತಿಯನ್ನು ಮೆಲ್ಲಗೆ ಮುಟ್ಟಿದರೂ ಆಂಪ್ ದೊಡ್ಡದಾಗಿ ಹೇಳುತ್ತದೆ. ಗೇನ್ ಸ್ವಲ್ಪ ಏರಿಸಿದರೆ ಸ್ವರ ತಾನಾಗಿಯೇ ಉದ್ದಕ್ಕೆ ನಿಲ್ಲುತ್ತದೆ. ನಾಲ್ಕು ಪವರ್ ಕಾರ್ಡ್ ಬಂದರೆ ಅರ್ಧ ಹಾಡು ಬಂದ ಹಾಗೆ. ಇದೇ ಉದಾರತೆಯಲ್ಲಿ ನಾನು ಕೆಲವು ವರ್ಷ ಆರಾಮಾಗಿ ಇದ್ದೆ. ಹತ್ತಾರು ಹಾಡುಗಳ ಮೊದಲ ಭಾಗ ಬರುತ್ತಿತ್ತು. ಸೋಲೋ ಬಂದ ಕೂಡಲೇ ಇನ್ನೊಂದು ಹಾಡಿಗೆ ಹಾರುತ್ತಿದ್ದೆ.

ಆಮೇಲೆ ಒಂದು ಸೋಲೋ ಪೂರ್ತಿ ನುಡಿಸಲೇಬೇಕು ಅನ್ನೋ ಹಟ ಬಂತು. ಎ ಮೈನರ್ ಪೆಂಟಾಟೋನಿಕ್ ಅನ್ನೋ ಐದು ಸ್ವರದ ಸ್ಕೇಲಿನಲ್ಲಿ ಏನೂ ವಿಶೇಷ ಇಲ್ಲದ ಸೋಲೋ ಅದು. ಮಧ್ಯದಲ್ಲಿ ಎರಡು ಬಾರ್ (ಒಂದು ಬಾರ್ ಅಂದರೆ ಇಲ್ಲಿ ನಾಲ್ಕು ಬೀಟ್) ಮಾತ್ರ 120 ಬಿಪಿಎಂನಲ್ಲಿ, ಅಂದರೆ ನಿಮಿಷಕ್ಕೆ 120 ಬೀಟ್ ವೇಗದಲ್ಲಿ, ಸಿಕ್ಸ್‌ಟೀನ್ತ್ ನೋಟ್‌ಗಳು, ಬೀಟಿಗೆ ನಾಲ್ಕು ಸ್ವರ. ಲೆಕ್ಕ ಹಾಕಿದರೆ ಸೆಕೆಂಡಿಗೆ 8 ಸ್ವರ. ಕೇಳೋದಕ್ಕೆ ಅಂಥ ದೊಡ್ಡ ವೇಗ ಏನಲ್ಲ. ನನ್ನ ಕೈ 100ರ ಹತ್ತಿರ ಬಂದು ಅಲ್ಲೇ ಕೂತುಬಿಡುತ್ತಿತ್ತು. 96ರಲ್ಲಿ ಚೆನ್ನಾಗಿ ಬರುತ್ತದೆ, 100ರಲ್ಲಿ ಹೇಗೋ ಬರುತ್ತದೆ, 104ಕ್ಕೆ ಹೋದರೆ ಎರಡು ಕೈಗೂ ಪರಿಚಯವೇ ಇಲ್ಲ.

ಎಲ್ಲರೂ ಹೇಳುವ ಉಪಾಯ ಒಂದೇ. ಮೆಟ್ರೊನೋಮ್ (ತಾಳಕ್ಕೆ ಕ್ಲಿಕ್ ಕ್ಲಿಕ್ ಅನ್ನುವ ಯಂತ್ರ) ಹಾಕು, 60ರಿಂದ ಶುರು ಮಾಡು, ಸರಿಯಾಗಿ ಬಂದ ಮೇಲೆ 4 ಏರಿಸು. ತಿಂಗಳುಗಟ್ಟಲೆ ಅದನ್ನೇ ಮಾಡಿದೆ. 100 ಮಾತ್ರ ಕದಲಲಿಲ್ಲ. ಈ ಬರಹ ಅದು ಹೇಗೆ ಕದಲಿತು ಅನ್ನೋದರ ಬಗ್ಗೆ. ಅಭ್ಯಾಸದ ಸಮಯ ಜಾಸ್ತಿ ಮಾಡಿದ್ದರಿಂದ ಅಲ್ಲ. ನಿಜ ಹೇಳಬೇಕು ಅಂದರೆ ಸಮಯ ಕಡಿಮೆಯೇ ಆಯಿತು.

ಮೊದಲು ಮಾಡಿದ್ದು ಗಿಟಾರನ್ನೇ ಒಮ್ಮೆ ಸರಿಯಾಗಿ ನೋಡಿದ್ದು. 12ನೇ ಫ್ರೆಟ್ (ಗಿಟಾರಿನ ನೆಕ್ ಮೇಲಿನ ಲೋಹದ ಅಡ್ಡಪಟ್ಟಿ) ಹತ್ತಿರ ಸ್ಕೇಲ್ ಇಟ್ಟು ಅಳೆದರೆ ದಪ್ಪ ತಂತಿ ಎರಡೂವರೆ ಮಿಲಿಮೀಟರಿಗಿಂತ ಮೇಲಿತ್ತು. ಅಷ್ಟು ಎತ್ತರದ ತಂತಿಯನ್ನು ಒತ್ತೋದಕ್ಕೆ ಎಡಗೈ ಸುಮ್ಮನೆ ದುಡಿಯುತ್ತಿತ್ತು. ಮೊದಲ ಫ್ರೆಟ್ಟನ್ನೂ ಕೊನೆಯ ಫ್ರೆಟ್ಟನ್ನೂ ಒಟ್ಟಿಗೆ ಒತ್ತಿ ಹಿಡಿದು, 7-8ನೇ ಫ್ರೆಟ್ ಹತ್ತಿರ ತಂತಿಯ ಕೆಳಗಿನ ಸಂದು ನೋಡಿದೆ. ಸುಮಾರು ಕಾಲು ಮಿಲಿಮೀಟರ್ ಇರಬೇಕಾದದ್ದು ಅದರ ಎರಡರಷ್ಟು ಇತ್ತು. ಅಂದರೆ ನೆಕ್ ಬಾಗಿದೆ. ನೆಕ್ ಒಳಗೆ ಬಾಗು ಸರಿಪಡಿಸಲು ಇರುವ ಸರಳು, ಟ್ರಸ್ ರಾಡನ್ನು ಒಮ್ಮೆಗೆ ಕಾಲು ಸುತ್ತಿಗಿಂತ ಜಾಸ್ತಿ ತಿರುಗಿಸದೆ, ಪ್ರತಿ ಸಲ ಟ್ಯೂನ್ ಮಾಡಿ, ಮತ್ತೆ ಅಳೆದು ಸರಿ ಮಾಡಿದೆ. ಆಮೇಲೆ ತಂತಿಯನ್ನು ಹೊರುವ ಸ್ಯಾಡಲ್ ಇಳಿಸಿ ದಪ್ಪ ತಂತಿಯನ್ನು 1.8ರ ಹತ್ತಿರ, ತೆಳು ತಂತಿಯನ್ನು 1.5ರ ಹತ್ತಿರ ತಂದೆ. 10-46 ತಂತಿ ಸೆಟ್ ತೆಗೆದು ಅದಕ್ಕಿಂತ ತೆಳುವಾದ 9-42 ಹಾಕಿದೆ. ಕೊನೆಗೆ ಇಂಟೊನೇಷನ್, ಅಂದರೆ ನೆಕ್ ಉದ್ದಕ್ಕೂ ಸ್ವರ ಶ್ರುತಿಯಲ್ಲಿರೋ ಹಾಗೆ ಮಾಡೋದು. 12ನೇ ಫ್ರೆಟ್ ಮೇಲೆ ತಂತಿಯನ್ನು ಒತ್ತದೆ ಬರೀ ತಾಗಿ ನುಡಿಸಿದ ಹಾರ್ಮೋನಿಕ್‌ಗೂ ಅದೇ ಫ್ರೆಟ್ ಒತ್ತಿದಾಗ ಬರುವ ಸ್ವರಕ್ಕೂ ವ್ಯತ್ಯಾಸ ಇರಬಾರದು. ಒತ್ತಿದ ಸ್ವರ ಮೇಲಿದ್ದರೆ ಸ್ಯಾಡಲ್ ಹಿಂದಕ್ಕೆ, ಕೆಳಗಿದ್ದರೆ ಮುಂದಕ್ಕೆ. ಇದನ್ನು ಹೊಸ ತಂತಿ ಹಾಕಿಯೇ ಮಾಡಬೇಕು. ಹಳೆಯದರ ಮೇಲೆ ಎಷ್ಟು ತಿರುಗಿಸಿದರೂ ಕೂರುವುದಿಲ್ಲ.

ತೆಳು ತಂತಿ ಹಾಕಿಕೊಂಡರೆ ಮರ್ಯಾದೆ ಕಡಿಮೆ ಅಂತ ಯಾಕೋ ಗಿಟಾರ್ ನುಡಿಸುವವರಲ್ಲಿ ಒಂದು ನಂಬಿಕೆ ಇದೆ. ಬ್ಲ್ಯಾಕ್ ಸಬ್ಬತ್ ತಂಡದ ಗಿಟಾರ್ ವಾದಕ ಟೋನಿ ಐಯೊಮಿ 1965ರಲ್ಲಿ ಕಾರ್ಖಾನೆಯ ಅಪಘಾತದಲ್ಲಿ ಬಲಗೈಯ ಎರಡು ಬೆರಳುಗಳ ತುದಿ ಕಳೆದುಕೊಂಡರು. ಎಡಗೈ ವಾದಕರಾದ್ದರಿಂದ ಅವರು ತಂತಿ ಒತ್ತುವ ಕೈಯೇ ಅದು. ಆಮೇಲೆ ಅವರು ಹುಡುಕಿದ್ದು ತೆಳು ತಂತಿಗಳನ್ನೇ. ಬ್ಯಾಂಜೋ ತಂತಿಯನ್ನೂ ಬಳಸಿದರು. ಹೆವಿ ಮೆಟಲ್‌ನ ಭಾರವಾದ ಸದ್ದಿಗೆ ಅಡಿಪಾಯ ಹಾಕಿದವರು ಅವರು. ಹಾಗಾಗಿ ಸದ್ದಿನ ಭಾರ ತಂತಿಯ ದಪ್ಪದಲ್ಲಿ ಮಾತ್ರ ಇಲ್ಲ ಅಂತ ಧೈರ್ಯ ಮಾಡಿಕೊಳ್ಳಬಹುದು.

ಸೆಟಪ್ ಆದ ಮೇಲೆ ಕೈಗೆ ಹಾಯೆನಿಸಿತು. ವೇಗ ಮಾತ್ರ 100ರಲ್ಲೇ ಇತ್ತು.

ದಾರಿ ತೋರಿಸಿದ್ದು ರೆಕಾರ್ಡಿಂಗ್. ಫೋನ್‌ನಲ್ಲಿ ಅಲ್ಲ, ಆಡಿಯೋ ಇಂಟರ್‌ಫೇಸ್ ಮೂಲಕ ಕಂಪ್ಯೂಟರಿಗೆ. ಎಫೆಕ್ಟ್ ಇಲ್ಲದೆ, ಕ್ಲೀನ್ ಸದ್ದಿನಲ್ಲಿ, ಕ್ಲಿಕ್ ಜೊತೆ. ಕ್ಲೀನ್ ಯಾಕೆ ಅಂದರೆ, ಡಿಸ್ಟಾರ್ಷನ್ (ರಾಕ್ ಗಿಟಾರಿನ ಒಡಕು ಸದ್ದು) ಜೋರು ಸ್ವರವನ್ನೂ ಮೆಲು ಸ್ವರವನ್ನೂ ಹೆಚ್ಚುಕಮ್ಮಿ ಒಂದೇ ಮಟ್ಟಕ್ಕೆ ತಂದುಬಿಡುತ್ತದೆ. ಪಿಕ್ (ತಂತಿ ಮೀಟುವ ಚಿಕ್ಕ ಬಿಲ್ಲೆ) ಅರ್ಧಂಬರ್ಧ ತಾಗಿದರೂ ಗೊತ್ತಾಗುವುದಿಲ್ಲ. ಕ್ಲೀನ್‌ನಲ್ಲಿ ಎಲ್ಲವೂ ಬಯಲು. ಇನ್ನೊಂದು ಲಾಭ, ಪರದೆಯ ಮೇಲೆ ಅಲೆಯ ಚಿತ್ರ ಕಾಣುತ್ತದೆ. 100 ಬಿಪಿಎಂನಲ್ಲಿ ಒಂದು ಸಿಕ್ಸ್‌ಟೀನ್ತ್ ನೋಟಿಗೆ 150 ಮಿಲಿಸೆಕೆಂಡ್ ಜಾಗ. ನನ್ನ ಸ್ವರಗಳು ಆ ಗೆರೆಗಳಿಗೆ ಎಷ್ಟು ಮುಂದೆ, ಎಷ್ಟು ಹಿಂದೆ ಬಿದ್ದಿವೆ ಅಂತ ಕಣ್ಣಿಂದಲೇ ನೋಡಬಹುದು.

ನೋಡಿದೆ. ಎಲ್ಲ ಸ್ವರಗಳೂ ಕೆಟ್ಟಿರಲಿಲ್ಲ! ಒಂದೇ ತಂತಿಯ ಮೇಲಿನ ಸ್ವರಗಳು ಅಚ್ಚುಕಟ್ಟಾಗಿ ಗೆರೆಯ ಮೇಲೇ ಇದ್ದವು. ಒಂದು ತಂತಿಯಿಂದ ಇನ್ನೊಂದಕ್ಕೆ ಹೋಗುವ ಜಾಗದಲ್ಲಿ ಮಾತ್ರ ಸ್ವರ ತಡವಾಗಿ ಬರುತ್ತಿತ್ತು. ಆ ತಡ ಮುಚ್ಚೋದಕ್ಕೆ ಮುಂದಿನ ಎರಡು ಸ್ವರ ಅವಸರವಾಗಿ ಓಡುತ್ತಿದ್ದವು.

ಅನುಮಾನ ಪರಿಹಾರಕ್ಕೆ ಒಂದು ಪರೀಕ್ಷೆ ಮಾಡಿದೆ. ಎಡಗೈ ಬಿಟ್ಟು, ಒಂದೇ ತಂತಿಯ ಮೇಲೆ ಸುಮ್ನೆ ಪಿಕ್ ಆಡಿಸಿದೆ. 150 ಬಿಪಿಎಂವರೆಗೂ ಆರಾಮಾಗಿ ಹೋಯಿತು. ಅಂದರೆ ಬಲಗೈಗೆ ವೇಗ ಇತ್ತು. ಪಿಕ್ ಇಲ್ಲದೆ ಹ್ಯಾಮರ್-ಆನ್ (ಎಡಗೈ ಬೆರಳನ್ನು ತಂತಿಗೆ ಬಡಿದು ಸ್ವರ ಹೊರಡಿಸೋದು), ಪುಲ್-ಆಫ್ (ಬೆರಳಿನಿಂದ ತಂತಿ ಎಳೆದುಬಿಟ್ಟು ಹೊರಡಿಸೋದು) ಮಾಡಿದರೆ ಎಡಗೈಗೂ ಇತ್ತು. ನಾನು ತಿಂಗಳುಗಟ್ಟಲೆ ಇದ್ದ ವೇಗವನ್ನೇ ಮತ್ತೆ ಬೆಳೆಸಲು ನೋಡುತ್ತಿದ್ದೆ. ಕೇಳಬೇಕಾದ ಪ್ರಶ್ನೆ ಬಹಳ ಚಿಕ್ಕದಿತ್ತು: ತಂತಿ ಬದಲಿಸುವಾಗ ಪಿಕ್ ಏನು ಮಾಡುತ್ತಿದೆ?

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನನಗೆ ಅತಿ ಹೆಚ್ಚು ಉಪಯೋಗ ಆದದ್ದು ಇದೇ. ಪಿಕ್ ತಂತಿಗಳ ಮಟ್ಟಕ್ಕೆ ಸಮಾನಾಂತರವಾಗಿ ಮೇಲೆ ಕೆಳಗೆ ಆಡುತ್ತಿದ್ದರೆ ಅದು ಯಾವಾಗಲೂ ಎರಡು ತಂತಿಗಳ ನಡುವೆಯೇ ಇರುತ್ತದೆ. ಪಕ್ಕದ ತಂತಿಯ ಆಚೆಗೆ ಹೋಗಬೇಕಾದಾಗ ಆ ತಂತಿಯನ್ನು ಹಾರಲೇಬೇಕು. ಕಾಲು ಎತ್ತದೆ ಹೊಸ್ತಿಲು ದಾಟೋದಕ್ಕೆ ಹೋದ ಹಾಗೆ, ಎಡವೋದು ಖಂಡಿತ. ನಿಧಾನವಾಗಿ ನುಡಿಸುವಾಗ ಕೈಗೆ ಹಾರೋದಕ್ಕೆ ಬೇಕಾದಷ್ಟು ಸಮಯ ಇರುತ್ತದೆ, ನಮಗೆ ಗೊತ್ತೇ ಆಗದ ಹಾಗೆ ಮಣಿಕಟ್ಟು ಎತ್ತಿ ಇಡುತ್ತದೆ. ವೇಗ ಏರಿದಾಗ ಆ ಸಮಯ ಇಲ್ಲ. 60ರಿಂದ 4-4 ಏರಿಸುವ ಅಭ್ಯಾಸ ನನ್ನನ್ನು 100ರಲ್ಲಿ ಬಿಟ್ಟದ್ದು ಇದಕ್ಕೇ. 60ರಲ್ಲಿ ಕೈ ಮಾಡುತ್ತಿದ್ದ ಚಲನೆಯೇ ಬೇರೆ, 120ರಲ್ಲಿ ಬೇಕಾದ ಚಲನೆಯೇ ಬೇರೆ. ನಾನು 60ರದ್ದನ್ನು ಚೆನ್ನಾಗಿ ಉರು ಹೊಡೆದಿದ್ದೆ.

ಪರಿಹಾರ ಅಂದರೆ ಪಿಕ್ಕಿನ ದಾರಿಯನ್ನು ಸ್ವಲ್ಪ ಓರೆ ಮಾಡೋದು. ಡೌನ್‌ಸ್ಟ್ರೋಕ್ ಗಿಟಾರಿನ ಮೈ ಕಡೆಗೆ ಒಳಮುಖವಾಗಿ ಹೋಗಬೇಕು, ಅಪ್‌ಸ್ಟ್ರೋಕ್ ತಂತಿಗಳಿಂದ ಹೊರಗೆ ಗಾಳಿಗೆ ಬರಬೇಕು. ಹೀಗಿದ್ದರೆ ಪ್ರತಿ ಅಪ್‌ಸ್ಟ್ರೋಕ್ ಮುಗಿದಾಗ ಪಿಕ್ ತಾನಾಗಿಯೇ ತಂತಿಗಳ ಮೇಲಿರುತ್ತದೆ, ಎಲ್ಲಿಗೆ ಬೇಕಾದರೂ ಹೋಗಬಹುದು. ಇದರ ಉಲ್ಟಾ ಓರೆಯೂ ಇದೆ. ಅದರಲ್ಲಿ ಡೌನ್‌ಸ್ಟ್ರೋಕ್ ಹೊರಗೆ ಬರುತ್ತದೆ. ಯಾವ ಕೈಗೆ ಯಾವುದು ಸಹಜವೋ ಅದು.

ಈಗ ಪೆಂಟಾಟೋನಿಕ್ ಬಾಕ್ಸ್ ನೋಡಿ. ಐದನೇ ಫ್ರೆಟ್ ಹತ್ತಿರದ ಎ ಮೈನರ್ ಬಾಕ್ಸಿನಲ್ಲಿ ಪ್ರತಿ ತಂತಿಗೆ ಎರಡು ಸ್ವರ. ಡೌನ್‌ನಿಂದ ಶುರು ಮಾಡಿದರೆ ಡೌನ್-ಅಪ್, ತಂತಿ ಬದಲು, ಡೌನ್-ಅಪ್, ತಂತಿ ಬದಲು. ಪ್ರತಿ ಬದಲಾವಣೆಯೂ ಅಪ್ ಆದ ಮೇಲೆ. ಹಾಗಾಗಿ ಅಪ್‌ಸ್ಟ್ರೋಕ್ ಹೊರಬರುವ ಓರೆ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ನನ್ನ ಎರಡು ಬಾರಿನಲ್ಲಿ ಮೊದಲ ಬಾರ್ ಪೂರ್ತಿ ಹೀಗೇ ಇತ್ತು. ಓರೆ ಸರಿ ಮಾಡಿದ ಮೇಲೆ ಆ ಬಾರ್ ಸ್ವಲ್ಪ ದಿನದಲ್ಲೇ 110 ದಾಟಿತು. ನನಗೇ ನಂಬಿಕೆ ಬರಲಿಲ್ಲ, ರೆಕಾರ್ಡ್ ಮಾಡಿ ನೋಡಿಕೊಂಡೆ.

ಎರಡನೇ ಬಾರಿನಲ್ಲಿ ಮೂರು-ಮೂರು ಸ್ವರಗಳ ಗುಂಪು ಬರುತ್ತಿತ್ತು. ಅಲ್ಲಿ ಡೌನ್-ಅಪ್-ಡೌನ್ ಆದ ಮೇಲೆ ತಂತಿ ಬದಲು, ಆಮೇಲೆ ಅಪ್-ಡೌನ್-ಅಪ್ ಆದ ಮೇಲೆ ಬದಲು. ಒಮ್ಮೆ ಡೌನ್ ಹೊರಗೆ ಬರಬೇಕು, ಒಮ್ಮೆ ಅಪ್ ಹೊರಗೆ ಬರಬೇಕು. ಎರಡೂ ಓರೆಗಳನ್ನು ಮಧ್ಯೆ ಮಧ್ಯೆ ಬದಲಿಸುತ್ತಾ ನುಡಿಸುವವರಿದ್ದಾರೆ. ನಾನು ಸುಲಭದ ದಾರಿ ಹಿಡಿದೆ. ಪ್ರತಿ ತಂತಿಯ ಮೂರನೇ ಸ್ವರವನ್ನು ಪಿಕ್ ಮಾಡದೆ ಹ್ಯಾಮರ್-ಆನ್ ಮಾಡಿದೆ. ಆಗ ಪಿಕ್ಕಿನ ಲೆಕ್ಕಕ್ಕೆ ತಂತಿಗೆ ಎರಡೇ ಸ್ವರ. ಡೌನ್, ಅಪ್, ಹ್ಯಾಮರ್, ಮುಂದಿನ ತಂತಿ. ಇದು ಮೋಸ ಅಂತ ಕೆಲವರಿಗೆ ಅನಿಸಬಹುದು. ದೊಡ್ಡ ದೊಡ್ಡ ವಾದಕರ ಕೈಗಳನ್ನು ನಿಧಾನ ಚಲನೆಯ ವಿಡಿಯೋದಲ್ಲಿ ನೋಡಿ. ಎಷ್ಟು ಸ್ವರ ಪಿಕ್ ಆಗಿವೆ, ಎಷ್ಟು ಎಡಗೈಯಿಂದ ಬಂದಿವೆ ಅಂತ ಎಣಿಸಿದರೆ ಆ ಅನುಮಾನ ಹೋಗುತ್ತದೆ.

ಅಭ್ಯಾಸದ ರೀತಿಯೂ ಬದಲಾಯಿತು. ನಿಧಾನದಿಂದ ಮೆಟ್ಟಿಲು ಮೆಟ್ಟಿಲು ಏರೋದು ಬಿಟ್ಟು, ಚಿಕ್ಕ ತುಂಡನ್ನು ಪೂರ್ತಿ ವೇಗದಲ್ಲಿ ನುಡಿಸತೊಡಗಿದೆ. ನಾಲ್ಕು ಸ್ವರ, ಐದನೆಯದರ ಮೇಲೆ ನಿಲ್ಲು. ಉಸಿರು ಬಿಡು, ಭುಜ ಇಳಿಸು, ಮತ್ತೆ ನಾಲ್ಕು. ನಾಲ್ಕೇ ಸ್ವರ ಆದ್ದರಿಂದ ಕೈ ಬಿಗಿಯಾಗೋದಕ್ಕೆ ಪುರಸೊತ್ತಿಲ್ಲ. ಅದು ಸರಾಗ ಆದ ಮೇಲೆ ತಂತಿ ಬದಲಾವಣೆ ಇರುವ ತುಂಡು, ಆಮೇಲೆ ಎರಡು ತುಂಡು ಸೇರಿಸಿ. ನಿಧಾನದ ಅಭ್ಯಾಸವನ್ನು ಪೂರ್ತಿ ಬಿಟ್ಟಿಲ್ಲ. ಸ್ವರಗಳು, ಬೆರಳು ಎಲ್ಲಿ ಯಾವುದು ಅಂತ ನೆನಪಾಗಲು ನಿಧಾನವೇ ಬೇಕು. ಕೈಯ ಚಲನೆ ಕಲಿಯಲು ಮಾತ್ರ ನಿಜವಾದ ವೇಗದ ಹತ್ತಿರ ಇರಬೇಕು ಅಂತ ನನ್ನ ಅಭಿಪ್ರಾಯ. ಪಿಕ್ ವಿಷಯದಲ್ಲೂ ಒಂದು ಮಾತು. 0.73ರ ಬಾಗುವ ಪಿಕ್ ಬಿಟ್ಟು 1.4 ಮಿಲಿಮೀಟರ್ ಹತ್ತಿರದ ಗಟ್ಟಿ ಪಿಕ್ ಹಿಡಿದೆ, ತುದಿ ಮಾತ್ರ ಹೊರಗೆ ಕಾಣುವ ಹಾಗೆ. ಪಿಕ್ ಬಾಗಿ ವಾಪಸ್ ಬರುವವರೆಗೆ ಕಾಯೋದು ತಪ್ಪಿತು.

ಎಡಗೈ ಕಥೆ ಚಿಕ್ಕದು. ಬೆರಳನ್ನು ತಂತಿಯ ಮೇಲೆ ಬರೀ ಇಟ್ಟು ಪಿಕ್ ಮಾಡಿ. ಸತ್ತ ಸದ್ದು ಬರುತ್ತದೆ. ನಿಧಾನವಾಗಿ ಒತ್ತಡ ಏರಿಸುತ್ತಾ ಹೋಗಿ, ಸ್ವರ ಸ್ಪಷ್ಟವಾದ ಕ್ಷಣ ನಿಲ್ಲಿಸಿ. ಅಷ್ಟೇ ಬೇಕಾದದ್ದು. ನಾನು ಅದರ ಎರಡು ಮೂರರಷ್ಟು ಒತ್ತುತ್ತಿದ್ದೆ. ಜಾಸ್ತಿ ಒತ್ತಿದರೆ ತಂತಿ ಎಳೆದುಕೊಂಡು ಸ್ವರ ಮೇಲಕ್ಕೆ ಹೋಗುತ್ತದೆ, ಕಾರ್ಡ್‌ಗಳು ಟ್ಯೂನ್ ತಪ್ಪಿದ ಹಾಗೆ ಕೇಳುತ್ತವೆ. ಬೆರಳು ಫ್ರೆಟ್ಟಿಗೆ ತೀರ ಹತ್ತಿರ ಇದ್ದರೆ ಇನ್ನೂ ಕಡಿಮೆ ಬಲ ಸಾಕು. ಕಿರುಬೆರಳಿನ ಬಗ್ಗೆ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ. ಎದ್ದು ನಿಂತುಕೊಳ್ಳುತ್ತದೆ, ದೂರ ಹೋಗುತ್ತದೆ ಅಂತ. ನಾನೂ ಸ್ವಲ್ಪ ದಿನ ಅದನ್ನು ಪಳಗಿಸಲು ನೋಡಿ, ಕೊನೆಗೆ ಅದರ ಪಾಡಿಗೆ ಬಿಟ್ಟೆ. ಜಾಝ್ ಗಿಟಾರ್ ವಾದಕ ಜ್ಯಾಂಗೋ ರೈನ್‌ಹಾರ್ಟ್ 1928ರ ಬೆಂಕಿ ಅನಾಹುತದಲ್ಲಿ ಉಂಗುರಬೆರಳು, ಕಿರುಬೆರಳು ಎರಡರ ಶಕ್ತಿಯನ್ನೂ ಕಳೆದುಕೊಂಡು, ಸೋಲೋಗಳನ್ನು ಮುಖ್ಯವಾಗಿ ಎರಡು ಬೆರಳಲ್ಲೇ ನುಡಿಸಿದರು. ನನ್ನ ಕಿರುಬೆರಳು ಒಂದು ಅಂಗುಲ ಮೇಲೆ ಹಾರಿದರೆ ಪ್ರಪಂಚ ಮುಳುಗುವುದಿಲ್ಲ ಬಿಡಿ.

ಕ್ಲೀನ್‌ನಲ್ಲಿ ಸರಿಯಾದದ್ದನ್ನು ಡಿಸ್ಟಾರ್ಷನ್ ಹಾಕಿ ನುಡಿಸಿದಾಗ ಇನ್ನೊಂದು ಲೋಕ ತೆರೆಯಿತು. ಗಲಾಟೆಯ ಲೋಕ. ನುಡಿಸದ ತಂತಿಗಳೆಲ್ಲ ಕೂಗುತ್ತವೆ. ಬೆರಳು ಎತ್ತಿದರೆ ಒಂದು ಸದ್ದು, ಜಾರಿಸಿದರೆ ಇನ್ನೊಂದು. ಎಲೆಕ್ಟ್ರಿಕ್ ಗಿಟಾರಿನಲ್ಲಿ ಅರ್ಧ ಕೆಲಸ ಸ್ವರ ನುಡಿಸೋದು, ಇನ್ನರ್ಧ ಬೇಡದ್ದನ್ನು ಸುಮ್ಮನಿರಿಸೋದು. ಎರಡು ಕೈಗೂ ಇದರಲ್ಲಿ ಪಾಲಿದೆ. ನುಡಿಸುತ್ತಿರುವ ತಂತಿಗಿಂತ ದಪ್ಪ ತಂತಿಗಳನ್ನು ಬಲಗೈಯ ಅಂಗೈ ಅಂಚು ಮುಚ್ಚಬೇಕು. ತೆಳು ತಂತಿಗಳನ್ನು ಎಡಗೈ ತೋರುಬೆರಳಿನ ಒಳಭಾಗ ಮೆಲ್ಲಗೆ ತಾಗಿ ಹಿಡಿಯಬೇಕು. ಅದೇ ಬೆರಳಿನ ತುದಿ ಪಕ್ಕದ ದಪ್ಪ ತಂತಿಗೂ ಸ್ವಲ್ಪ ತಾಗುವಂತೆ ಇಟ್ಟರೆ ಇನ್ನೂ ಒಳ್ಳೆಯದು. ಅಕೌಸ್ಟಿಕ್‌ನಲ್ಲಿ ಬೆರಳನ್ನು ಕಮಾನಿನ ಹಾಗೆ ಬಗ್ಗಿಸಿ ತುದಿಯಿಂದ ಒತ್ತು ಅಂತ ಕಲಿಸಿರುತ್ತಾರೆ. ಇಲ್ಲಿ ತೋರುಬೆರಳು ಸ್ವಲ್ಪ ಚಪ್ಪಟೆಯಾಗಿದ್ದರೇ ಅನುಕೂಲ. ಈಗ ಪ್ರತಿ ಲಿಕ್ಕನ್ನೂ (ಚಿಕ್ಕ ಸ್ವರಗುಚ್ಛ) ಎರಡು ಸಲ ಪರೀಕ್ಷಿಸುತ್ತೇನೆ. ಕ್ಲೀನ್‌ನಲ್ಲಿ ಪಿಕಿಂಗ್ ನೋಡಲು, ಗೇನ್ ಪೂರ್ತಿ ಏರಿಸಿ ಮ್ಯೂಟಿಂಗ್ ನೋಡಲು.

ಬೆಂಡ್ (ತಂತಿಯನ್ನು ಪಕ್ಕಕ್ಕೆ ತಳ್ಳಿ ಸ್ವರ ಏರಿಸೋದು) ಬಗ್ಗೆ ನನಗೆ ಸ್ವಲ್ಪ ಜಂಬ ಇತ್ತು. ಟ್ಯೂನರ್ ಅದನ್ನು ಇಳಿಸಿತು. ಮೂರನೇ ತಂತಿಯ ಏಳನೇ ಫ್ರೆಟ್ ಡಿ ಸ್ವರ. ಅದನ್ನು ಪೂರ್ತಿ ಬೆಂಡ್ ಮಾಡಿದರೆ ಇ ಬರಬೇಕು, ಅಂದರೆ ಎರಡನೇ ತಂತಿಯ ಐದನೇ ಫ್ರೆಟ್ಟಿನ ಸ್ವರ. ಮೊದಲು ಆ ಇ ನುಡಿಸಿ, ಕಿವಿಯಲ್ಲಿ ಇಟ್ಟುಕೊಂಡು, ಆಮೇಲೆ ಬೆಂಡ್ ಮಾಡಬೇಕು. ನನ್ನದು ಯಾವಾಗಲೂ ಸ್ವಲ್ಪ ಕೆಳಗೇ ನಿಲ್ಲುತ್ತಿತ್ತು. ಉಂಗುರಬೆರಳು ಒಂದೇ ತಳ್ಳುತ್ತಿದ್ದುದು ಕಾರಣ. ಹಿಂದಿನ ಎರಡು ಬೆರಳನ್ನೂ ಅದೇ ತಂತಿಯ ಮೇಲೆ ಜೊತೆಗಿಟ್ಟು, ಹೆಬ್ಬೆರಳನ್ನು ನೆಕ್ ಮೇಲೆ ಹಾಕಿ, ಬೆರಳಿನಿಂದಲ್ಲ, ಮಣಿಕಟ್ಟು ತಿರುಗಿಸಿ ತಳ್ಳಿದರೆ ಸಲೀಸು. ವೈಬ್ರಾಟೋ, ಅಂದರೆ ನಿಂತ ಸ್ವರವನ್ನು ಅಲುಗಿಸೋದು ಕೂಡ ಮಣಿಕಟ್ಟಿನದೇ. ಬ್ಲೂಸ್ ವಾದಕ ಬಿ.ಬಿ. ಕಿಂಗ್ ಅವರ ವಿಡಿಯೋಗಳಲ್ಲಿ ಹೆಬ್ಬೆರಳು ನೆಕ್ ಬಿಟ್ಟು, ಇಡೀ ಕೈ ಒಂದು ಬೆರಳಿನ ಮೇಲೆ ಪಟಪಟ ಅಲುಗೋದು ಕಾಣುತ್ತದೆ. ಒಂದೇ ಸ್ವರದಲ್ಲಿ ಇವರೇ ಅಂತ ಗೊತ್ತಾಗಿಬಿಡುತ್ತದೆ. ನನ್ನ ವೈಬ್ರಾಟೋ ಗಾಬರಿಯಾದವರ ಕೈ ನಡುಕದ ಹಾಗಿತ್ತು. ಕ್ಲಿಕ್ ಜೊತೆ ಬೀಟಿಗೆ ಎರಡು ಅಲೆ, ಮೂರು ಅಲೆ, ನಾಲ್ಕು ಅಲೆ ಅಂತ ಎಣಿಸಿ ಅಲುಗಿಸೋದನ್ನು ಕಲಿತೆ. ಬೇಸರದ ಕೆಲಸ. ಆದರೆ ಕೇಳುವವರಿಗೆ ನನ್ನ ಎಲ್ಲ ವೇಗಕ್ಕಿಂತ ಮೊದಲು ಗೊತ್ತಾದ ಸುಧಾರಣೆ ಇದೇ.

ತಾಳದ ವಿಷಯದಲ್ಲಿ ಕಣ್ಣು ತೆರೆಸಿದವನು ಡ್ರಮ್ಸ್ ನುಡಿಸುವ ಗೆಳೆಯ. ಒಟ್ಟಿಗೆ ನುಡಿಸುವಾಗ ಮಧ್ಯದಲ್ಲೇ ನಿಲ್ಲಿಸಿ, "ನೀನು ಓಡ್ತಾ ಇದೀಯ ಕಣೋ, ನಾನು ನಿನ್ನ ಹಿಂದೆ ಬರಬೇಕಾ?" ಅಂದ. ಮೆಟ್ರೊನೋಮ್ ಜೊತೆ ಸರಿಯಾಗಿಯೇ ಬರುತ್ತದಲ್ಲ ಅಂದೆ. "ಅದು ಪ್ರತಿ ಬೀಟಿಗೂ ನಿನ್ನ ಕೈ ಹಿಡಿದು ನಡೆಸ್ತಾ ಇದೆ. ಕೈ ಬಿಟ್ಟು ನೋಡು" ಅಂದ. ಆಮೇಲೆ ಕ್ಲಿಕ್ಕನ್ನು 2 ಮತ್ತು 4ನೇ ಬೀಟಿಗೆ ಮಾತ್ರ ಇಟ್ಟುಕೊಂಡೆ, ಸ್ನೇರ್ ಡ್ರಮ್ಮಿನ ಏಟು ಬೀಳುವ ಜಾಗ ಅದು. ಅದು ಒಗ್ಗಿದ ಮೇಲೆ ಬಾರಿಗೆ ಒಂದೇ ಕ್ಲಿಕ್. ಆಮೇಲೆ ಎರಡು ಬಾರ್ ಕ್ಲಿಕ್, ಎರಡು ಬಾರ್ ಮೌನ. ಮೌನ ಮುಗಿದು ಕ್ಲಿಕ್ ವಾಪಸ್ ಬಂದಾಗ ನಾನು ಎಲ್ಲಿದ್ದೇನೆ ಅನ್ನೋದೇ ಪರೀಕ್ಷೆ. ಮೊದಮೊದಲು ನಾನು ಯಾವಾಗಲೂ ಮುಂದೆ. ಗೆಳೆಯ ಹೇಳಿದ್ದು ನಿಜ. ಮೆಲ್ಟ್ಸೆಲ್ 1815ರಲ್ಲಿ ಮೆಟ್ರೊನೋಮಿಗೆ ಪೇಟೆಂಟ್ ಪಡೆದ, ಅದರ ಮುಖ್ಯ ಯೋಚನೆ ವಿಂಕೆಲ್ ಎಂಬುವವನದು ಅಂತ ಅಂದಿನಿಂದಲೂ ಜಗಳ ಇದೆ. ಅವರಿಬ್ಬರಲ್ಲಿ ಯಾರೇ ಆಗಲಿ, ಕ್ಲಿಕ್ ನಿಲ್ಲಿಸುವ ಗುಂಡಿಯೂ ಅಷ್ಟೇ ಮುಖ್ಯ ಅಂತ ಹೇಳಿಹೋಗಬಹುದಿತ್ತು.

ಇಲ್ಲಿ ಒಂದು ತಾಂತ್ರಿಕ ಎಚ್ಚರಿಕೆ. ಬ್ಲೂಟೂತ್ ಹೆಡ್‌ಫೋನಿನಲ್ಲಿ ಅಭ್ಯಾಸ ಮಾಡಬೇಡಿ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಅಂದರೆ 3 ಮೀಟರ್ ದೂರದ ಆಂಪ್‌ನಿಂದ ಕಿವಿಗೆ ಬರಲು 9 ಮಿಲಿಸೆಕೆಂಡ್ ಸಾಕು. ಇಂಟರ್‌ಫೇಸಿನಲ್ಲಿ ಬಫರ್ 256 ಸ್ಯಾಂಪಲ್, ರೇಟ್ 48 ಕಿಲೋಹರ್ಟ್ಸ್ ಇಟ್ಟರೆ ಆ ಒಂದು ಬಫರಿನ ತಡ 5 ಮಿಲಿಸೆಕೆಂಡಿನಷ್ಟು. ಒಳಗೆ ಹೊರಗೆ ಎಲ್ಲ ಸೇರಿದರೂ ಕೈಗೆ ಗೊತ್ತಾಗುವುದು ಕಷ್ಟ. ಮಾಮೂಲಿ ಬ್ಲೂಟೂತ್ ಹೆಡ್‌ಫೋನಿನಲ್ಲಿ ತಡ 100 ಮಿಲಿಸೆಕೆಂಡ್ ದಾಟೋದು ಸಾಮಾನ್ಯ. ಸಿಕ್ಸ್‌ಟೀನ್ತ್ ನೋಟಿಗೆ ಇರುವುದೇ 150 ಅಂದ ಮೇಲೆ, ಅದರಲ್ಲಿ ತಾಳ ಕಲಿಯೋದು ಹೇಗೆ? ವೈರ್ ಇರುವ ಹಳೆಯ ಹೆಡ್‌ಫೋನೇ ಇದಕ್ಕೆ ವಾಸಿ.

ಅಭ್ಯಾಸದ ಕ್ರಮದ ಬಗ್ಗೆ ಈಗ. ಮೊದಲು ನಾನು ರಜಾ ದಿನ ಬಂದರೆ ಒಂದೇ ಲಿಕ್ ಹಿಡಿದು ಮೂರು ಗಂಟೆ ಕೂರುತ್ತಿದ್ದೆ. ಸಂಜೆಗೆ ಅದ್ಭುತವಾಗಿ ಬರುತ್ತಿತ್ತು. ಎರಡು ದಿನ ಬಿಟ್ಟು ನೋಡಿದರೆ ಮಾಯ. ಇದು ನನ್ನ ಒಬ್ಬನ ದುರದೃಷ್ಟ ಅಲ್ಲ. 1979ರಲ್ಲಿ ಶೇ ಮತ್ತು ಮಾರ್ಗನ್ ಎಂಬ ಸಂಶೋಧಕರು ಇದಕ್ಕೆ ಹತ್ತಿರದ ಒಂದು ಪ್ರಯೋಗ ಮಾಡಿದ್ದರು. ಕೈ ಚಲನೆಯ ಮೂರು ಬಗೆಗಳನ್ನು ಒಂದು ಗುಂಪಿಗೆ ಒಂದಾದ ಮೇಲೆ ಒಂದರಂತೆ, ಇನ್ನೊಂದು ಗುಂಪಿಗೆ ಕಲಸಿ ಕಲಸಿ ಅಭ್ಯಾಸ ಮಾಡಿಸಿದರು. ಅಭ್ಯಾಸದ ಹೊತ್ತಿನಲ್ಲಿ ಒಂದೊಂದಾಗಿ ಮಾಡಿದವರೇ ಮುಂದಿದ್ದರು. ಕೆಲವು ದಿನ ಬಿಟ್ಟು ಪರೀಕ್ಷಿಸಿದಾಗ ಕಲಸಿ ಮಾಡಿದವರು ಮುಂದೆ ಬಂದರು. ಅಭ್ಯಾಸದಲ್ಲಿ ಚೆನ್ನಾಗಿ ಬರೋದೂ ಕಲಿಯೋದೂ ಒಂದೇ ಅಲ್ಲ ಅಂತಾಯಿತು. ಬಿಡುವು ಕೊಟ್ಟು ಕಲಿತದ್ದು ಜಾಸ್ತಿ ಉಳಿಯುತ್ತದೆ ಅಂತ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ 1885ರಲ್ಲೇ ಬರೆದಿದ್ದ.

ಹಾಗಾಗಿ ದಿನದ ಅಭ್ಯಾಸ ಈಗ ಚಿಕ್ಕದು, ಅರ್ಧ ಗಂಟೆಯ ಆಸುಪಾಸು. ಅದರಲ್ಲಿ ಮೂರು ವಿಷಯ. ಐದು ನಿಮಿಷ ತಂತಿ ಬದಲಾವಣೆ, ಐದು ನಿಮಿಷ ಬೆಂಡ್, ಐದು ನಿಮಿಷ ತಾಳ, ಮತ್ತೆ ಮೊದಲಿಂದ. ಟೈಮರ್ ಕೂಗಿದಾಗ ಇನ್ನೇನು ಬಂದೇಬಿಡ್ತು ಅನ್ನೋ ಹಂತದಲ್ಲಿದ್ದರೂ ಬಿಡಬೇಕು. ಶುರುವಿನಲ್ಲಿ ಇದು ಬಹಳ ಕಿರಿಕಿರಿ. ಪ್ರತಿ ಸಲ ವಾಪಸ್ ಬಂದಾಗ ಅರ್ಧ ಮರೆತಿರುತ್ತದೆ, ಮತ್ತೆ ಹುಡುಕಿಕೊಳ್ಳಬೇಕು. ಆ ಹುಡುಕಾಟವೇ ಕೆಲಸ ಮಾಡುತ್ತಿದೆ ಅಂತ ಒಂದೆರಡು ವಾರದ ಮೇಲೆ ಗೊತ್ತಾಯಿತು. ಬೆಳಿಗ್ಗೆ ಎದ್ದು ತಣ್ಣಗಿನ ಕೈಯಲ್ಲಿ ಮೊದಲ ಸಲ ನುಡಿಸಿದಾಗ ಎಷ್ಟು ಬರುತ್ತದೋ ಅದೇ ನನ್ನ ನಿಜವಾದ ವೇಗ ಅಂತ ಲೆಕ್ಕ ಇಟ್ಟುಕೊಂಡೆ. ಪುಸ್ತಕದಲ್ಲಿ ಬರೆಯೋದು ಆ ಸಂಖ್ಯೆ ಮಾತ್ರ. ಸಂಜೆಯ ದಾಖಲೆಗೆ ಕಿಮ್ಮತ್ತಿಲ್ಲ.

ಹತ್ತು ಸಾವಿರ ಗಂಟೆ ಅಭ್ಯಾಸ ಮಾಡಿದರೆ ಯಾರು ಬೇಕಾದರೂ ನಿಪುಣರಾಗಬಹುದು ಅನ್ನೋ ಮಾತು ಈಗ ಗಾದೆಯ ಹಾಗೆ ಓಡಾಡುತ್ತಿದೆ. ಅದರ ಮೂಲ ಮನೋವಿಜ್ಞಾನಿ ಎರಿಕ್ಸನ್ ಮತ್ತು ಜೊತೆಗಾರರ 1993ರ ಅಧ್ಯಯನ. ಬರ್ಲಿನ್‌ನ ಪಿಟೀಲು ವಿದ್ಯಾರ್ಥಿಗಳ ಮೇಲೆ ಮಾಡಿದ್ದು. ಆ ಸಂಖ್ಯೆ ಅಲ್ಲಿನ ಅತ್ಯುತ್ತಮರು 20ನೇ ವಯಸ್ಸಿನ ಹೊತ್ತಿಗೆ ಮಾಡಿದ ಅಭ್ಯಾಸದ ಸರಾಸರಿಗೆ ಹತ್ತಿರದ್ದು, ದಾಟಲೇಬೇಕಾದ ಗೆರೆ ಅಲ್ಲ. ಅದೇ ಅಧ್ಯಯನದಲ್ಲಿ ಆ ಒಳ್ಳೆಯ ವಿದ್ಯಾರ್ಥಿಗಳು ಮಧ್ಯಾಹ್ನ ಜಾಸ್ತಿ ನಿದ್ದೆ ಮಾಡುತ್ತಿದ್ದರು ಅಂತಲೂ ಇದೆ. ಅದನ್ನು ಮಾತ್ರ ಯಾರೂ ಗಾದೆ ಮಾಡಲಿಲ್ಲ ನೋಡಿ.

ಗಿಟಾರನ್ನು ಬ್ಯಾಗಿನಿಂದ ತೆಗೆದು ಸ್ಟ್ಯಾಂಡ್ ಮೇಲೆ ಇಟ್ಟದ್ದೂ ಉಪಯೋಗ ಆಯಿತು. ಜಿಪ್ ಎಳೆಯೋದು, ಕೇಬಲ್ ಬಿಡಿಸೋದು ಅಂತ ಎರಡು ನಿಮಿಷದ ಕೆಲಸಕ್ಕೇ ಎಷ್ಟೋ ದಿನ ಸೋಮಾರಿತನ ಗೆದ್ದದ್ದಿದೆ. ಆಂಪ್ ಇಲ್ಲದೆ ಹತ್ತು ನಿಮಿಷ ಸುಮ್ನೆ ಕೈಯಾಡಿಸಿದರೂ ಲಾಭವೇ. ಅಭ್ಯಾಸ ಮುಗಿದ ಮೇಲೆ ಬ್ಯಾಕಿಂಗ್ ಟ್ರ್ಯಾಕ್ ಹಾಕಿ ಮನಸ್ಸಿಗೆ ಬಂದದ್ದು ನುಡಿಸುತ್ತೇನೆ. ಆಗ ಟೈಮರ್ ಇಲ್ಲ, ರೆಕಾರ್ಡಿಂಗ್ ಇಲ್ಲ, ತಪ್ಪು ಹುಡುಕೋದೂ ಇಲ್ಲ. ಇದನ್ನು ಅಭ್ಯಾಸದ ಲೆಕ್ಕಕ್ಕೆ ಸೇರಿಸುವುದಿಲ್ಲ. ಆದರೆ ಇದು ಇಲ್ಲದಿದ್ದರೆ ಆ ಅರ್ಧ ಗಂಟೆ ಯಾರಿಗೆ ಬೇಕಿತ್ತು ಹೇಳಿ?

ನೋವಿನ ಬಗ್ಗೆ ಒಂದೇ ಮಾತು. ಬೆರಳ ತುದಿ ಉರಿ ಸಾಮಾನ್ಯ, ಚರ್ಮ ಗಟ್ಟಿಯಾದರೆ ಹೋಗುತ್ತದೆ. ಮಣಿಕಟ್ಟು, ಮುಂಗೈ, ಮೊಣಕೈಯಲ್ಲಿ ನೋವು ಅಥವಾ ಜೋಮು ಬಂದರೆ ಅವತ್ತಿಗೆ ನಿಲ್ಲಿಸಬೇಕು. ಹೋಗದಿದ್ದರೆ ಡಾಕ್ಟರಿಗೆ ತೋರಿಸಬೇಕು. ಸಹಿಸಿಕೊಂಡು ನುಡಿಸೋದು ಸಾಹಸ ಅಲ್ಲ.

ಆ ಎರಡು ಬಾರ್ ಈಗ 124ರಲ್ಲಿ ಬರುತ್ತವೆ, ಬೆಳಗಿನ ತಣ್ಣನೆಯ ಕೈಯಲ್ಲಿ 116. ಸೋಲೋ ಪೂರ್ತಿ ನುಡಿಸಿ ಗೆಳೆಯನಿಗೆ ಕಳಿಸಿದ್ದಕ್ಕೆ, "ಓಡ್ತಾ ಇಲ್ಲ, ಪರವಾಗಿಲ್ಲ" ಅಂತ ಉತ್ತರ ಬಂತು. ಈಗ ಕಾಡುತ್ತಿರುವುದು ಇಳಿಕೆ. ಅದೇ ಮೂರು-ಮೂರು ಸ್ವರದ ಸ್ಕೇಲ್ ತೆಳು ತಂತಿಯಿಂದ ದಪ್ಪ ತಂತಿಗೆ ಬರುವಾಗ ಹ್ಯಾಮರ್ ಬದಲು ಪುಲ್-ಆಫ್ ಆಗುತ್ತದೆ, ಆ ಪುಲ್-ಆಫ್ ಪಕ್ಕದ ತಂತಿಯನ್ನೂ ಎಳೆದು ಸದ್ದು ಮಾಡಿಸುತ್ತದೆ. ತಪ್ಪು ತೋರುಬೆರಳಿನ ಮ್ಯೂಟಿಂಗ್‌ನದೋ, ಕಿರುಬೆರಳು ಎಳೆಯುವ ದಿಕ್ಕಿನದೋ ಇನ್ನೂ ಗೊತ್ತಾಗಿಲ್ಲ. ಈ ವಾರ ಎರಡನ್ನೂ ಬೇರೆ ಬೇರೆ ಮಾಡಿ, ಗೇನ್ ಏರಿಸಿ ರೆಕಾರ್ಡ್ ಮಾಡುತ್ತಿದ್ದೇನೆ.